ಜನರೊಡನೆ ಜಗಳವಾಡಿದ ರಂಗಮಂದಿರ



ಜೇಮ್ಸ್ ಕಸಿನ್ಸ್ ಎಂಬ ಹೆಸರು ಕನ್ನಡಿಗರ ಕಿವಿಗೆ ಹೊಸದಲ್ಲ. 1924ರಲ್ಲಿ ಮೈಸೂರಿಗೆ ಬಂದಿದ್ದ ಈ ಐರಿಷ್ ಕವಿಯನ್ನು ಕಾಣಲು ಮಲೆನಾಡಿನ ವಿದ್ಯಾರ್ಥಿಯೊಬ್ಬರು ತಮ್ಮ ಇಂಗ್ಲಿಷ್ ಕವಿತೆಗಳನ್ನು ಹಿಡಿದು ಹೋದದ್ದು, ಅವನ್ನು ನೋಡಿದ ಕಸಿನ್ಸ್ ತಾಯ್ನುಡಿಯಲ್ಲಿ ಬರೆಯುವಂತೆ ಬುದ್ಧಿ ಹೇಳಿದ್ದು, ಆ ವಿದ್ಯಾರ್ಥಿ ಮುಂದೆ ಕುವೆಂಪು ಆದದ್ದು ಶಾಲೆಯ ಮಕ್ಕಳಿಗೂ ಗೊತ್ತಿರುವ ಸಂಗತಿ. ಅಷ್ಟಾಗಿ ಗೊತ್ತಿಲ್ಲದಿರುವುದು ಕಸಿನ್ಸ್ ಅವರ ಹಿಂದಿನ ಕಥೆ. 1902ರ ಅಕ್ಟೋಬರಿನಲ್ಲಿ ಅವರ ಎರಡು ಪುಟ್ಟ ನಾಟಕಗಳು ಡಬ್ಲಿನ್ ನಗರದಲ್ಲಿ ರಂಗಕ್ಕೇರಿದ್ದವು. ಆಡಿದವರು ಹಗಲು ಅಂಗಡಿ, ಕಚೇರಿಗಳಲ್ಲಿ ದುಡಿದು ಸಂಜೆ ಬಣ್ಣ ಹಚ್ಚುತ್ತಿದ್ದ ಹವ್ಯಾಸಿಗಳು. ಆ ತಂಡವೇ ಬೆಳೆದು ಎರಡು ವರ್ಷಗಳಲ್ಲಿ ಆ್ಯಬಿ ಥಿಯೇಟರ್ ಆಯಿತು. ಕಸಿನ್ಸ್ ಮಾತ್ರ ಅಲ್ಲಿ ಉಳಿಯಲಿಲ್ಲ. ಅವರ ‘ಸೋಲ್ಡ್’ ಎಂಬ ಹಾಸ್ಯನಾಟಕ ಕವಿ ಯೇಟ್ಸ್‌ಗೆ ಸ್ವಲ್ಪವೂ ಹಿಡಿಸದೆ ಅಲ್ಲೇ ತಡೆಬಿತ್ತು. 1915ರಲ್ಲಿ ಆನಿ ಬೆಸೆಂಟರ ಕರೆಗೆ ಓಗೊಟ್ಟು ಅವರು ಮದರಾಸಿಗೆ ಬಂದರು. ಯೇಟ್ಸ್ ಬೇಡವೆಂದದ್ದರಿಂದ ಕನ್ನಡಕ್ಕೆ ಲಾಭವಾಯಿತೆನ್ನಬಹುದೇನೋ.

ಇನ್ನೊಂದು ಕಾಕತಾಳೀಯವಿದೆ. ಆ್ಯಬಿ ಥಿಯೇಟರಿನ ಬಾಗಿಲು ತೆರೆದದ್ದು 1904ರ ಡಿಸೆಂಬರ್ 27ರಂದು. ಕುವೆಂಪು ಹುಟ್ಟಿದ್ದು ಅದೇ ತಿಂಗಳು 29ರಂದು. ಇದಕ್ಕೆ ವಿಶೇಷ ಅರ್ಥ ಹಚ್ಚಬೇಕಾಗಿಲ್ಲ. ನೆನಪಿಡಲು ಅನುಕೂಲ, ಅಷ್ಟೇ.

ಜಗತ್ತಿನ ಹೆಸರಾಂತ ರಂಗಮಂದಿರಗಳು ತಮ್ಮ ನಟರಿಂದ, ವೈಭವದ ಪರದೆಗಳಿಂದ ಪ್ರಸಿದ್ಧವಾಗಿವೆ. ಆ್ಯಬಿ ಪ್ರಸಿದ್ಧವಾದದ್ದು ಬಹುಮಟ್ಟಿಗೆ ಗಲಾಟೆಗಳಿಂದ. ಗಲಾಟೆ ಮಾಡಿದವರು ಅದರ ಶತ್ರುಗಳಾಗಿದ್ದರೆ ಕಥೆ ಸರಳವಾಗುತ್ತಿತ್ತು. ಆದರೆ ಅವರು ಆ ರಂಗಮಂದಿರ ಯಾರಿಗಾಗಿ ಕಟ್ಟಲ್ಪಟ್ಟಿತೋ ಆ ಜನರೇ. ನಾಡಿನ ಹೆಸರಿನಲ್ಲಿ ನಡೆಯುವ ರಂಗಭೂಮಿ ನಾಡಿಗೆ ಹಿಡಿಸದ್ದನ್ನು ತೋರಿಸಬಹುದೇ? ಈ ಪ್ರಶ್ನೆಯ ಸುತ್ತಲೇ ಆ್ಯಬಿಯ ಚರಿತ್ರೆಯೆಲ್ಲ ಸುತ್ತುತ್ತದೆ.

ಹತ್ತೊಂಬತ್ತನೆಯ ಶತಮಾನದ ಐರ್ಲೆಂಡಿನ ಸ್ಥಿತಿ ನೆನೆಯದೆ ಈ ಜಗಳಗಳ ಬಿಸಿ ಅರ್ಥವಾಗದು. 1845ರಿಂದ ನಾಲ್ಕೈದು ವರ್ಷ ಆಲೂಗೆಡ್ಡೆ ಬೆಳೆಗೆ ರೋಗ ಬಡಿದು ಬಿದ್ದ ಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು. ಅಷ್ಟೇ ಜನ ಹಡಗು ಹತ್ತಿ ದೇಶ ಬಿಟ್ಟರು. ಬಡ ರೈತರ ನಾಲಗೆಯ ಮೇಲಿದ್ದ ಐರಿಷ್ ಭಾಷೆ ಅವರೊಂದಿಗೇ ಕ್ಷೀಣಿಸಿತು. ಉಳಿದವರು ಆಳುವವರ ಇಂಗ್ಲಿಷಿಗೆ ಹೊರಳಿದರು. ಇತ್ತ ಲಂಡನ್ನಿನ ನಾಟಕಶಾಲೆಗಳಲ್ಲಿ ಐರಿಷ್ ಮನುಷ್ಯನೆಂದರೆ ಒಂದು ಸಿದ್ಧ ಪಾತ್ರ: ಕುಡುಕ, ಬಾಯಿಬಡುಕ, ಪೆದ್ದ, ಹೊಡೆದಾಟಕ್ಕೆ ಸದಾ ಸಿದ್ಧ. ಇಂಥವರಿಗೆ ಸ್ವರಾಜ್ಯ ಕೊಡುವುದುಂಟೆ ಎಂದು ಕೇಳುವವರಿಗೆ ಈ ಚಿತ್ರ ಬಹಳ ಅನುಕೂಲವಾಗಿತ್ತು.

1897ರ ಬೇಸಿಗೆಯಲ್ಲಿ ಗಾಲ್ವೇ ಸೀಮೆಯ ಒಂದು ಮನೆಯಲ್ಲಿ ಮೂವರು ಸೇರಿ ಇದಕ್ಕೆ ಉತ್ತರ ಕೊಡಬೇಕೆಂದು ನಿರ್ಧರಿಸಿದರು. ಒಬ್ಬ ವಿಲಿಯಂ ಬಟ್ಲರ್ ಯೇಟ್ಸ್. ಇನ್ನೊಬ್ಬ ಜಮೀನುದಾರ, ನಾಟಕಕಾರ ಎಡ್ವರ್ಡ್ ಮಾರ್ಟಿನ್. ಮೂರನೆಯವಳು ಲೇಡಿ ಆಗಸ್ಟಾ ಗ್ರೆಗರಿ. ಸಿಂಹಳದ ಗವರ್ನರ್ ಆಗಿದ್ದ ಸರ್ ವಿಲಿಯಂ ಗ್ರೆಗರಿಯ ವಿಧವೆಯಾದ ಆಕೆಗೆ ಆಗ ನಲವತ್ತೈದು ವರ್ಷ. ನಾಟಕ ಬರೆದ ಅನುಭವವೂ ಇರಲಿಲ್ಲ. ಐರ್ಲೆಂಡ್ ವಿದೂಷಕರ ನಾಡಲ್ಲ, ಅದಕ್ಕೊಂದು ಪ್ರಾಚೀನ ಆದರ್ಶವಿದೆ ಎಂದು ತೋರಿಸಿಕೊಡುವುದು ತಮ್ಮ ಉದ್ದೇಶವೆಂದು ಅವರು ಸಾರಿದರು. ಹೀಗೆ ಹುಟ್ಟಿದ ಐರಿಷ್ ಸಾಹಿತ್ಯ ರಂಗಭೂಮಿಯ ಮೊದಲ ಪ್ರದರ್ಶನ 1899ರ ಮೇ 8ರಂದು ನಡೆಯಿತು. ನಾಟಕ ಯೇಟ್ಸ್‌ನ ‘ದಿ ಕೌಂಟೆಸ್ ಕ್ಯಾಥ್ಲೀನ್’. ಕ್ಷಾಮದಲ್ಲಿ ನರಳುವ ರೈತರು ಅನ್ನಕ್ಕಾಗಿ ಪಿಶಾಚಿಗಳಿಗೆ ಆತ್ಮ ಮಾರಿಕೊಳ್ಳುವ ಕಥೆ ಅದರಲ್ಲಿದೆ. ಕ್ಷಾಮದ ನೆನಪು ಇನ್ನೂ ಹಸಿಯಾಗಿದ್ದ, ಹಸಿವಿನಲ್ಲೂ ಮತ ಬಿಡದೆ ಸತ್ತವರ ಮಕ್ಕಳು ಮೊಮ್ಮಕ್ಕಳು ಕುಳಿತಿದ್ದ ಸಭಾಂಗಣದಲ್ಲಿ ಅದು ಹೇಗೆ ಕೇಳಿಸಿರಬೇಕು ಊಹಿಸಿ. ಕ್ಯಾಥೊಲಿಕ್ ವಿದ್ಯಾರ್ಥಿಗಳು ಪ್ರತಿಭಟನೆಯ ಪತ್ರ ಹೊರಡಿಸಿದರು. ಸಹಿ ಹಾಕಲೊಲ್ಲೆನೆಂದ ವಿದ್ಯಾರ್ಥಿಯೊಬ್ಬನ ಹೆಸರು ಜೇಮ್ಸ್ ಜಾಯ್ಸ್. ಮೊದಲ ಪ್ರದರ್ಶನಕ್ಕೇ ಪೊಲೀಸರು ಬಂದು ನಿಂತರೆಂಬುದು ಮುಂದಿನ ದಿನಗಳಿಗೆ ಶಕುನದಂತಿತ್ತು.

ಈ ಸಾಹಿತಿಗಳ ಬಳಿ ನಾಟಕಗಳಿದ್ದವು, ಐರಿಷ್ ನಟರಿರಲಿಲ್ಲ. ಆ ಕೊರತೆ ನೀಗಿಸಿದವರು ಫ್ರ್ಯಾಂಕ್ ಮತ್ತು ವಿಲಿಯಂ ಫೇ ಎಂಬ ಅಣ್ಣತಮ್ಮಂದಿರು. ಅಣ್ಣ ಗುಮಾಸ್ತ, ತಮ್ಮ ವಿದ್ಯುತ್ ಕೆಲಸದವನು. ಒಬ್ಬ ಪಾತ್ರಧಾರಿ ಮಾತಾಡುವಾಗ ಉಳಿದವರು ಅಲುಗಾಡದೆ ನಿಲ್ಲಬೇಕು, ಕೈಕಾಲು ಬೀಸಬಾರದು, ಮಾತು ಸ್ಪಷ್ಟವಾಗಿ ಕೇಳಬೇಕು ಎಂಬುದು ಅವರ ಪಾಠ. ಅಂದಿನ ವೃತ್ತಿರಂಗಭೂಮಿಯ ಆರ್ಭಟಕ್ಕೆ ಇದು ತೀರ ವಿರುದ್ಧ. 1902ರ ಏಪ್ರಿಲ್‌ನಲ್ಲಿ ಅವರು ಆಡಿದ ‘ಕ್ಯಾಥ್ಲೀನ್ ನಿ ಹೂಲಿಹನ್’ ಡಬ್ಲಿನ್ನನ್ನು ಅಲುಗಾಡಿಸಿತು. 1798ರ ಬಂಡಾಯದ ಕಾಲ. ಮದುವೆಯ ಸಡಗರದಲ್ಲಿರುವ ರೈತನ ಮನೆಗೆ ಮುದುಕಿಯೊಬ್ಬಳು ಬರುತ್ತಾಳೆ. ತನ್ನ ನಾಲ್ಕು ಹಸಿರು ಹೊಲಗಳನ್ನು ಪರರು ಕಸಿದುಕೊಂಡರೆನ್ನುತ್ತಾಳೆ. ಮದುವಣಿಗ ಎಲ್ಲ ಬಿಟ್ಟು ಅವಳ ಹಿಂದೆ ಹೋಗುತ್ತಾನೆ. ಆಗ ಮುದುಕಿ ರಾಣಿಯ ನಡಿಗೆಯ ತರುಣಿಯಾಗಿ ಮಾರ್ಪಟ್ಟಳೆಂದು ಮನೆಯ ಹುಡುಗ ಬಂದು ಹೇಳುತ್ತಾನೆ. ಮುದುಕಿಯ ಪಾತ್ರ ವಹಿಸಿದ್ದವಳು ಕ್ರಾಂತಿಕಾರಿ ಮಹಿಳೆ ಮಾಡ್ ಗಾನ್. ನಾಟಕ ಬಹುಕಾಲ ಯೇಟ್ಸ್‌ನ ಹೆಸರಿನಲ್ಲೇ ಅಚ್ಚಾಯಿತು. ಸಂಭಾಷಣೆಯ ಬಹುಭಾಗ ಲೇಡಿ ಗ್ರೆಗರಿಯದು ಎಂಬುದನ್ನು ಈಗ ವಿದ್ವಾಂಸರು ಒಪ್ಪುತ್ತಾರೆ. ಈ ಮಾತು ಕೊನೆಯಲ್ಲಿ ಮತ್ತೆ ಬರಲಿದೆ.

ನೆಲೆಯಿಲ್ಲದ ಈ ತಂಡಕ್ಕೆ ಮನೆ ಕಟ್ಟಿಕೊಟ್ಟವಳು ಇಂಗ್ಲಿಷ್ ಹೆಂಗಸು. ಚಹಾ ವ್ಯಾಪಾರದ ಶ್ರೀಮಂತ ಮನೆತನದ ಆನಿ ಹಾರ್ನಿಮನ್‌ಗೆ ಐರಿಷ್ ರಾಜಕೀಯವೆಂದರೆ ಆಗದು, ಯೇಟ್ಸ್‌ನ ಕಾವ್ಯವೆಂದರೆ ಪ್ರಾಣ. ಆಕೆ ಆ್ಯಬಿ ಬೀದಿಯ ಹಳೆಯ ಮೆಕ್ಯಾನಿಕ್ಸ್ ಇನ್‌ಸ್ಟಿಟ್ಯೂಟಿನ ಸಭಾಂಗಣವನ್ನೂ ಅದಕ್ಕೆ ಅಂಟಿಕೊಂಡಿದ್ದ, ಹಿಂದೆ ನಗರದ ಶವಾಗಾರವಾಗಿದ್ದ ಕಟ್ಟಡವನ್ನೂ ಗುತ್ತಿಗೆಗೆ ಹಿಡಿದು, 562 ಆಸನಗಳ ರಂಗಮಂದಿರ ಮಾಡಿಸಿದಳು. ಆಕೆ ಐರ್ಲೆಂಡಿನ ನಿವಾಸಿಯಲ್ಲದ ಕಾರಣ ಪರವಾನಗಿ ಲೇಡಿ ಗ್ರೆಗರಿಯ ಹೆಸರಿಗೆ ಆಯಿತು. ನಕ್ಷೆ ಬರೆದ ಜೋಸೆಫ್ ಹಾಲೊವೇ ಎಂಬಾತ ನಾಟಕದ ಹುಚ್ಚ. ದಿನವೂ ನೋಡಿದ್ದು ಕೇಳಿದ್ದನ್ನೆಲ್ಲ ದಿನಚರಿಯಲ್ಲಿ ಬರೆದಿಟ್ಟ. ಅವನ ಇನ್ನೂರಕ್ಕೂ ಹೆಚ್ಚು ಸಂಪುಟಗಳು ಇಲ್ಲದಿದ್ದರೆ ಡಬ್ಲಿನ್ ರಂಗಭೂಮಿಯ ಅರ್ಧ ಹರಟೆ ಕಳೆದೇ ಹೋಗುತ್ತಿತ್ತು. ಹಾರ್ನಿಮನ್ ಹಾಕಿದ ಒಂದು ಷರತ್ತು ಮಾತ್ರ ಚುಚ್ಚುವಂಥದು. ಮೊದಲಿಗೆ ಇಲ್ಲಿ ಒಂದು ಶಿಲಿಂಗಿಗಿಂತ ಕಡಿಮೆಯ ಟಿಕೆಟ್ಟೇ ಇರಲಿಲ್ಲ. ಬೇರೆ ನಾಟಕಶಾಲೆಗಳಲ್ಲಿ ಆರು ಪೆನ್ಸಿಗೆ ಜಾಗ ಸಿಗುತ್ತಿತ್ತು. ಜನರ ರಂಗಮಂದಿರವೆಂದು ಹೆಸರು, ಬಡವನಿಗೆ ಬಾಗಿಲಲ್ಲೇ ತಡೆ. ಎರಡು ವರ್ಷವಾದ ಮೇಲೆ ಈ ನಿಯಮ ಸಡಿಲವಾಯಿತು.

ಆರಂಭದ ರಾತ್ರಿ ಯೇಟ್ಸ್‌ನ ‘ಆನ್ ಬೇಯ್ಲ್ಸ್ ಸ್ಟ್ರ್ಯಾಂಡ್’, ಮತ್ತೆ ‘ಕ್ಯಾಥ್ಲೀನ್’, ಜೊತೆಗೆ ಲೇಡಿ ಗ್ರೆಗರಿಯ ಪ್ರಹಸನ ‘ಸ್ಪ್ರೆಡಿಂಗ್ ದ ನ್ಯೂಸ್’ ನಡೆದವು. ಎಲ್ಲರೂ ಸಂತೋಷಪಟ್ಟರು. ಆ ಸಂತೋಷ ಹೆಚ್ಚು ಕಾಲ ಬಾಳಲಿಲ್ಲ.

ಜಾನ್ ಮಿಲ್ಲಿಂಗ್ಟನ್ ಸಿಂಜ್ ಪ್ರಾಟೆಸ್ಟಂಟ್ ಜಮೀನುದಾರ ಮನೆತನದ ಮೌನಿ. 1896ರಲ್ಲಿ ಪ್ಯಾರಿಸಿನಲ್ಲಿ ಯೇಟ್ಸ್ ಅವನನ್ನು ಕಂಡು, ಇಲ್ಲೇನು ಮಾಡುತ್ತೀ, ಅರಾನ್ ದ್ವೀಪಗಳಿಗೆ ಹೋಗಿ ಅಲ್ಲಿನ ಜನರ ನಡುವೆ ಬದುಕು ಎಂಬರ್ಥದ ಮಾತು ಹೇಳಿದ. ಇಪ್ಪತ್ತೆಂಟು ವರ್ಷಗಳ ಬಳಿಕ ಕಸಿನ್ಸ್ ಮೈಸೂರಿನಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಸಿಂಜ್ ಹೋದ. ಅಟ್ಲಾಂಟಿಕ್ ಸಾಗರದ ಆ ಬರಡು ಕಲ್ಲಿನ ನಡುಗಡ್ಡೆಗಳಲ್ಲಿ ಬೆಸ್ತರ ಮಾತು ಕೇಳುತ್ತ ಬೇಸಿಗೆಗಳನ್ನು ಕಳೆದ. ಐರಿಷ್ ವಾಕ್ಯದ ಬಾಗು ಬಳುಕು ಹೊತ್ತ ಒಂದು ಬಗೆಯ ಇಂಗ್ಲಿಷ್ ಅವನ ಕಿವಿಯಲ್ಲಿ ನಿಂತಿತು. ಭಾಷೆ ಕಳೆದುಕೊಂಡ ಜನ ಪರಭಾಷೆಯನ್ನೇ ತಮ್ಮದಾಗಿ ಬಗ್ಗಿಸಿಕೊಂಡ ರೀತಿ ಅದು. ‘ರೈಡರ್ಸ್ ಟು ದ ಸೀ’ ಎಂಬ ಏಕಾಂಕದಲ್ಲಿ ಕಡಲಿಗೆ ಎಲ್ಲ ಗಂಡುಮಕ್ಕಳನ್ನೂ ಕೊಟ್ಟ ತಾಯಿಯ ಬಾಯಲ್ಲಿ ಆ ಮಾತು ಹೇಗೆ ಗಂಭೀರವಾಗುತ್ತದೆಂದು ಓದಿದವರು ಬಲ್ಲರು.

‘ದ ಪ್ಲೇಬಾಯ್ ಆಫ್ ದ ವೆಸ್ಟರ್ನ್ ವರ್ಲ್ಡ್’ ಬೇರೆ ಜಾತಿಯ ನಾಟಕ. ಮೇಯೊ ಸೀಮೆಯ ಹಳ್ಳಿಯ ಹೆಂಡದಂಗಡಿಗೆ ರಾತ್ರಿ ಹೊತ್ತು ಕ್ರಿಸ್ಟಿ ಎಂಬ ಪುಕ್ಕಲು ಹುಡುಗ ಬರುತ್ತಾನೆ. ಸಲಿಕೆಯಿಂದ ಹೊಡೆದು ಅಪ್ಪನನ್ನು ಕೊಂದು ಓಡಿಬಂದಿದ್ದೇನೆ ಎನ್ನುತ್ತಾನೆ. ಹಳ್ಳಿಯವರು ಹೆದರುವುದಿಲ್ಲ, ಬೆರಗಾಗುತ್ತಾರೆ. ಹುಡುಗಿಯರು ಅವನಿಗೆ ತಿನಿಸು ತರುತ್ತಾರೆ. ಅಂಗಡಿಯವನ ಮಗಳು ಪೆಗೀನ್ ಅವನಿಗೆ ಮನಸೋಲುತ್ತಾಳೆ. ಹೊಗಳಿಕೆ ಕೇಳಿ ಕೇಳಿ ಪುಕ್ಕಲನೂ ನಿಜವಾದ ಧೀರನಾಗುತ್ತಾನೆ. ಅಷ್ಟರಲ್ಲಿ ತಲೆಗೆ ಬಟ್ಟೆ ಸುತ್ತಿಕೊಂಡ ಅಪ್ಪ ಜೀವಂತ ಬಂದು ನಿಲ್ಲುತ್ತಾನೆ! ಮಾನ ಉಳಿಸಿಕೊಳ್ಳಲು ಕ್ರಿಸ್ಟಿ ಎಲ್ಲರೆದುರೇ ಅಪ್ಪನಿಗೆ ಮತ್ತೆ ಸಲಿಕೆ ಬೀಸಿದಾಗ ಹಾಡಿ ಹೊಗಳಿದ ಜನರೇ ಅವನಿಗೆ ಹಗ್ಗ ಬಿಗಿಯುತ್ತಾರೆ. ದೂರದ ಕಥೆಯಾಗಿ ಕೇಳಿದಾಗ ಸಾಹಸ, ಹಿತ್ತಲಲ್ಲಿ ನಡೆದಾಗ ಕೊಲೆ.

1907ರ ಜನವರಿ 26, ಶನಿವಾರ. ಮೊದಲ ಅಂಕಗಳು ಶಾಂತವಾಗಿ ಸಾಗಿದವು. ಸ್ಕಾಟ್ಲೆಂಡಿನಲ್ಲಿದ್ದ ಯೇಟ್ಸ್‌ಗೆ ಲೇಡಿ ಗ್ರೆಗರಿ ನಾಟಕ ಗೆದ್ದಿತೆಂದು ತಂತಿ ಕಳಿಸಿದಳು. ಮೂರನೆಯ ಅಂಕದಲ್ಲಿ ಕ್ರಿಸ್ಟಿ, ಒಳ ಅಂಗಿ ಮಾತ್ರ ತೊಟ್ಟ ಹೆಂಗಸರ ಸಾಲೇ ಎದುರು ನಿಂತರೂ ತನಗೆ ಪೆಗೀನ್ ಒಬ್ಬಳೇ ಸಾಕು ಎಂಬರ್ಥದ ಮಾತಾಡುತ್ತಾನೆ. ಪಾತ್ರ ಮಾಡಿದ್ದ ವಿಲಿಯಂ ಫೇ ಆ ಭರದಲ್ಲಿ ಹೆಂಗಸರೆನ್ನುವ ಬದಲು ಮೇಯೊ ಹುಡುಗಿಯರೆಂದುಬಿಟ್ಟ. ಶಿಳ್ಳೆ, ಕೂಗು ಎದ್ದವು. ಒಳ ಅಂಗಿಯ ಹೆಸರು ಕೇಳಿ ಸಭೆ ಕೆಟ್ಟಿತೆಂದು ಯೇಟ್ಸ್‌ಗೆ ಎರಡನೆಯ ತಂತಿ ಹೋಯಿತು.

ಸೋಮವಾರ ಗಲಾಟೆಗೆಂದೇ ಬಂದವರಿದ್ದರು. ಕಾಲು ಬಡಿತ, ತುತ್ತೂರಿಯ ಸದ್ದಿನಲ್ಲಿ ಒಂದು ಮಾತೂ ಕೇಳಲಿಲ್ಲ. ನಟರು ಮೂಕಾಭಿನಯದಂತೆ ಆಡಿ ಮುಗಿಸಿದರು. ಮಂಗಳವಾರ ಯೇಟ್ಸ್ ಬಂದಿಳಿದ. ಲೇಡಿ ಗ್ರೆಗರಿ ಸೋದರಳಿಯನ ಮೂಲಕ ಟ್ರಿನಿಟಿ ಕಾಲೇಜಿನ ಹುಡುಗರನ್ನು ಬೆಂಬಲಕ್ಕೆ ಕರೆಸಿದ್ದಳು. ಅವರು ಬ್ರಿಟಿಷ್ ದೊರೆಯ ಸ್ತುತಿಗೀತೆ ಹಾಡಿ ಬೆಂಕಿಗೆ ಎಣ್ಣೆ ಸುರಿದರು. ಗೋಡೆಯ ಉದ್ದಕ್ಕೂ ಪೊಲೀಸರು ನಿಂತರು. ಹಲವರು ಬಂಧಿತರಾದರು, ದಂಡ ತೆತ್ತರು. ನಾಟಕಕಾರ ಪಾದ್ರಿಕ್ ಕಾಲಮ್‌ನ ತಂದೆಯೂ ಬಂಧಿತರಲ್ಲಿ ಒಬ್ಬ. ಯೇಟ್ಸ್ ನ್ಯಾಯಾಲಯಕ್ಕೆ ಹೋಗಿ ಸಾಕ್ಷ್ಯ ನುಡಿದ. ನಾಟಕ ಮಾತ್ರ ವಾರಪೂರ್ತಿ ನಡೆಯಿತು. ಬಳಿಕ ಅದೇ ರಂಗಮಂದಿರದಲ್ಲಿ ಬಹಿರಂಗ ಚರ್ಚೆಯೂ ಆಯಿತು.

ಈ ಪ್ರಸಂಗವನ್ನು ಕಲೆಗೂ ಅಜ್ಞಾನಕ್ಕೂ ನಡೆದ ಯುದ್ಧವೆಂದು ಬಣ್ಣಿಸುವುದು ವಾಡಿಕೆ. ಅಷ್ಟು ಸುಲಭವಲ್ಲ. ಐರಿಷರು ಒರಟರು, ಕೊಲೆಗಡುಕರಿಗೆ ಆಶ್ರಯ ಕೊಡುವವರು ಎಂಬುದು ಇಂಗ್ಲಿಷ್ ಪತ್ರಿಕೆಗಳ ಹಳೆಯ ಪಲ್ಲವಿ. ಅದನ್ನು ಸುಳ್ಳುಮಾಡಲೆಂದೇ ಕಟ್ಟಿದ ರಂಗಮಂದಿರದಲ್ಲಿ ಜಮೀನುದಾರನ ಮಗನೊಬ್ಬ ಮತ್ತದನ್ನೇ ತಂದಿಟ್ಟನಲ್ಲ ಎಂದು ಆರ್ಥರ್ ಗ್ರಿಫಿತ್‌ನಂಥ ರಾಷ್ಟ್ರವಾದಿ ಸಂಪಾದಕನಿಗೆ ಅನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಇನ್ನು ಪೊಲೀಸರನ್ನು ಕರೆಸಿದ್ದು ಯೇಟ್ಸ್ ಬಳಗದ ದೊಡ್ಡ ತಪ್ಪೇ. ನಾಡಿನ ಸ್ವಾಭಿಮಾನದ ಹೆಸರಿನ ಮನೆಯಲ್ಲಿ ಪರರ ಆಳ್ವಿಕೆಯ ಪೊಲೀಸರ ಲಾಠಿ ನಾಡಿನವರ ಮೇಲೆ ಎತ್ತಿತು. ಲೇಡಿ ಗ್ರೆಗರಿಗೆ ಸ್ವತಃ ಈ ನಾಟಕ ಅಷ್ಟಾಗಿ ಪ್ರಿಯವಾಗಿರಲಿಲ್ಲ ಎಂಬುದು ಗಮನಾರ್ಹ. ಆದರೂ ಒಮ್ಮೆ ಒಪ್ಪಿದ ಮೇಲೆ ಬಿಟ್ಟುಕೊಡಲಿಲ್ಲ. ನಾಲ್ಕು ವರ್ಷದ ನಂತರ ತಂಡವನ್ನು ಅಮೆರಿಕಕ್ಕೆ ಕರೆದೊಯ್ದಾಗ ಅಲ್ಲಿನ ಐರಿಷ್ ವಲಸಿಗರು ಮತ್ತೆ ರೇಗಿದರು. 1912ರ ಜನವರಿಯಲ್ಲಿ ಫಿಲಡೆಲ್ಫಿಯಾದಲ್ಲಿ ಇಡೀ ತಂಡದ ಬಂಧನವೂ ಆಯಿತು. ಸಿಂಜ್ ಇದನ್ನು ನೋಡಲು ಇರಲಿಲ್ಲ. 1909ರಲ್ಲಿ, ಮೂವತ್ತೇಳನೆಯ ವಯಸ್ಸಿನಲ್ಲಿ, ಕ್ಯಾನ್ಸರ್ ಅವನನ್ನು ಕೊಂಡೊಯ್ದಿತ್ತು.

ಆ್ಯಬಿ ಸರ್ಕಾರದ ಎದುರೂ ಬಾಗಲಿಲ್ಲವೆಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಬರ್ನಾರ್ಡ್ ಷಾ ಬರೆದ ‘ಬ್ಲ್ಯಾಂಕೊ ಪಾಸ್ನೆಟ್’ ನಾಟಕವನ್ನು ಲಂಡನ್ನಿನ ಸೆನ್ಸಾರ್ ಅಧಿಕಾರಿ ತಡೆದಿದ್ದ. ಅವನ ಅಧಿಕಾರ ಐರ್ಲೆಂಡಿಗೆ ವ್ಯಾಪಿಸುವುದಿಲ್ಲವೆಂಬ ಎಳೆ ಹಿಡಿದು, ವೈಸರಾಯ್ ಕಚೇರಿಯ ಬೆದರಿಕೆಗೂ ಜಗ್ಗದೆ, 1909ರ ಆಗಸ್ಟಿನಲ್ಲಿ ಅದನ್ನು ಆಡಿ ತೋರಿಸಿದರು. ಮರುವರ್ಷ ದೊರೆ ಏಳನೆಯ ಎಡ್ವರ್ಡ್ ತೀರಿಕೊಂಡಾಗ ಆ್ಯಬಿ ಬಾಗಿಲು ಮುಚ್ಚಲಿಲ್ಲ. ಕೋಪಗೊಂಡ ಹಾರ್ನಿಮನ್ ಕೈಬಿಟ್ಟಳು. ಅಲ್ಲಿಂದ ಹಣದ ಚಿಂತೆ ಶಾಶ್ವತವಾಯಿತು.

1913ರ ಮೇ 17ರ ಸಂಜೆಯನ್ನು ಭಾರತೀಯರು ನೆನೆಯಬೇಕು. ಅಂದು ಆ್ಯಬಿಯಲ್ಲಿ ರವೀಂದ್ರನಾಥ ಠಾಕೂರರ ‘ಡಾಕ್‌ಘರ್’ ಇಂಗ್ಲಿಷಿನಲ್ಲಿ ಪ್ರಯೋಗಗೊಂಡಿತು. ನೊಬೆಲ್ ಬಹುಮಾನ ಘೋಷಣೆಯಾಗಲು ಇನ್ನೂ ಆರು ತಿಂಗಳಿತ್ತು. ಕಾಯಿಲೆಯ ಬಾಲಕ ಅಮಲ ಕಿಟಕಿಯಲ್ಲಿ ಕೂತು ರಾಜನ ಪತ್ರಕ್ಕೆ ಕಾಯುವ ಆ ನಾಟಕದ ಪ್ರದರ್ಶನ ಒಂದು ಶಾಲೆಯ ಸಹಾಯಾರ್ಥವಾಗಿತ್ತು. ಐರಿಷ್ ಭಾಷೆಯಲ್ಲಿ ಪಾಠ ಹೇಳುತ್ತಿದ್ದ ಆ ಶಾಲೆಯ ಸ್ಥಾಪಕ ಪ್ಯಾಟ್ರಿಕ್ ಪಿಯರ್ಸ್. ಅವನು ಬರೆದ ‘ಅನ್ ರೀ’ ಎಂಬ ಪುಟ್ಟ ನಾಟಕವನ್ನು ಶಾಲೆಯ ಹುಡುಗರು ಅದೇ ಸಂಜೆ ಆಡಿದರು. ಮೂರು ವರ್ಷಗಳಲ್ಲಿ ಪಿಯರ್ಸ್ ಬ್ರಿಟಿಷರ ಗುಂಡಿಗೆ ಎದೆಯೊಡ್ಡಿದ.

ಅದು 1916ರ ಈಸ್ಟರ್ ಬಂಡಾಯ. ಏಪ್ರಿಲ್ 24, ಸೋಮವಾರ. ಅಂದು ಆ್ಯಬಿಯಲ್ಲಿ ‘ಕ್ಯಾಥ್ಲೀನ್ ನಿ ಹೂಲಿಹನ್’ ಪ್ರದರ್ಶನವಿರಬೇಕಿತ್ತು. ಅದು ನಡೆಯಲಿಲ್ಲ. ರಂಗದ ಮೇಲೆ ಮದುವಣಿಗ ಮನೆ ಬಿಟ್ಟು ಹೋಗುವುದನ್ನು ನೋಡಿದ್ದ ಯುವಕರು ಬೀದಿಗಿಳಿದಿದ್ದರು. ಅವರಲ್ಲಿ ಆ್ಯಬಿಯ ನಟರೂ ತೆರೆಮರೆಯ ಕೆಲಸಗಾರರೂ ಇದ್ದರು. ನಟ ಶಾನ್ ಕಾನಲಿ ಅಂದೇ ನಗರಸಭೆಯ ಕಟ್ಟಡದ ಮೇಲೆ ಗುಂಡೇಟಿನಿಂದ ಸತ್ತ. ಬಂಡಾಯಗಾರರಲ್ಲಿ ಮೊದಲು ಬಿದ್ದವನು ಅವನೇ. ಇನ್ನೊಬ್ಬ ನಟ ಆರ್ಥರ್ ಶೀಲ್ಡ್ಸ್ ರಂಗಮಂಟಪದ ಅಡಿಯಲ್ಲಿ ಬಚ್ಚಿಟ್ಟಿದ್ದ ಬಂದೂಕು ತೆಗೆದುಕೊಂಡು ಹೋದನೆಂಬ ಮಾತಿದೆ. ಗಲ್ಲಿಯಲ್ಲಿ ಹಾಡಾಗಿ ಹರಡಿ ಮುಂದೆ ರಾಷ್ಟ್ರಗೀತೆಯಾದ ಸಾಲುಗಳನ್ನು ಬರೆದ ಪೀಡರ್ ಕಿಯರ್ನಿ ಇಲ್ಲಿ ತೆರೆಮರೆಯ ಕೆಲಸದಲ್ಲಿದ್ದವನು. ಘೋಷಣಾಪತ್ರಕ್ಕೆ ಸಹಿ ಹಾಕಿ ಪ್ರಾಣ ತೆತ್ತ ಏಳು ಮಂದಿಯಲ್ಲಿ ಒಬ್ಬನಾದ ಥಾಮಸ್ ಮ್ಯಾಕ್‌ಡೊನಾದ ನಾಟಕವನ್ನು ಆ್ಯಬಿ 1908ರಲ್ಲೇ ಆಡಿತ್ತು. ತಾನು ಬರೆದ ನಾಟಕ ಕೆಲವರನ್ನು ಸಾವಿಗೆ ಕಳಿಸಿತೇ ಎಂದು ಯೇಟ್ಸ್ ಮುಪ್ಪಿನಲ್ಲಿ ಕವಿತೆಯೊಂದರಲ್ಲಿ ತನ್ನನ್ನೇ ಕೇಳಿಕೊಂಡ.

ಸ್ವಾತಂತ್ರ್ಯ ಬಂತು, ಅಂತರ್ಯುದ್ಧವೂ ಬಂತು. 1925ರಲ್ಲಿ ಹೊಸ ಸರ್ಕಾರ ಆ್ಯಬಿಗೆ ವರ್ಷಕ್ಕೆ 850 ಪೌಂಡ್ ಅನುದಾನ ಕೊಟ್ಟಿತು. ಇಂಗ್ಲಿಷ್ ಮಾತಾಡುವ ದೇಶಗಳಲ್ಲಿ ಸರ್ಕಾರದ ಅನುದಾನ ಪಡೆದ ಮೊದಲ ರಂಗಮಂದಿರ ಇದು. ಹಣ ಕೊಡಿಸಿದ ಅರ್ಥಮಂತ್ರಿ ಅರ್ನೆಸ್ಟ್ ಬ್ಲೈದ್ ಹಿಂದಿನ ವರ್ಷವಷ್ಟೇ ವೃದ್ಧರ ಪಿಂಚಣಿಯಲ್ಲಿ ಒಂದು ಶಿಲಿಂಗ್ ಕಡಿದು ಶಾಪ ಹಾಕಿಸಿಕೊಂಡಿದ್ದವನು! ಅನುದಾನದೊಂದಿಗೆ ಆಡಳಿತ ಮಂಡಳಿಗೆ ಸರ್ಕಾರದ ಪ್ರತಿನಿಧಿಯೊಬ್ಬ ಬಂದ. ಅರ್ಥಶಾಸ್ತ್ರದ ಪ್ರಾಧ್ಯಾಪಕ ಜಾರ್ಜ್ ಓಬ್ರಯನ್.

ಆಗ ಆ್ಯಬಿಯ ಗಲ್ಲಾ ಪೆಟ್ಟಿಗೆ ತುಂಬಿಸುತ್ತಿದ್ದವನು ಶಾನ್ ಓಕೇಸಿ. ಡಬ್ಲಿನ್ನಿನ ಕೂಲಿಕಾರ, ಚಿಕ್ಕಂದಿನಿಂದ ಕಣ್ಣಿನ ತೊಂದರೆ, ನಲವತ್ತು ದಾಟಿದ ಮೇಲೆ ಮೊದಲ ನಾಟಕ ರಂಗಕ್ಕೆ ಬಂದದ್ದು. ‘ದ ಷ್ಯಾಡೊ ಆಫ್ ಎ ಗನ್‌ಮನ್’ 1923ರಲ್ಲಿ, ‘ಜೂನೊ ಅಂಡ್ ದ ಪೇಕಾಕ್’ 1924ರಲ್ಲಿ ಬಂದು ಗೆದ್ದವು. ಯೇಟ್ಸ್‌ನ ರಾಜರು, ಸಿಂಜ್‌ನ ಹಳ್ಳಿಗರು ಇದ್ದ ರಂಗದ ಮೇಲೆ ಈಗ ವಠಾರದ ಮನೆಗಳ ಜನ ಬಂದರು. ಒಂದೇ ಕೋಣೆಯಲ್ಲಿ ಇಡೀ ಸಂಸಾರ, ಮೆಟ್ಟಿಲ ಮೇಲೆ ಜಗಳ, ಕೆಮ್ಮಿ ಸಾಯುವ ಮಕ್ಕಳು.

1926ರ ಫೆಬ್ರವರಿ 8ರಂದು ಅವನ ‘ದ ಪ್ಲೌ ಅಂಡ್ ದ ಸ್ಟಾರ್ಸ್’ ಬಂತು. ವಸ್ತು ಈಸ್ಟರ್ ಬಂಡಾಯವೇ. ಎರಡನೆಯ ಅಂಕ ಪಡಖಾನೆಯಲ್ಲಿ ನಡೆಯುತ್ತದೆ. ಒಳಗೆ ಗಿರಾಕಿ ಸಿಗದೆ ಬೇಸತ್ತ ವೇಶ್ಯೆ ರೋಸಿ ಇದ್ದಾಳೆ. ಹೊರಗೆ ಕಿಟಕಿಯ ಮೇಲೆ ಭಾಷಣಕಾರನ ನೆರಳು. ರಕ್ತ ಹರಿಸುವುದು ಪಾವನವೆಂದು ಆ ನೆರಳು ನುಡಿಯುವ ಮಾತುಗಳು ಪಿಯರ್ಸ್‌ನ ಭಾಷಣಗಳಿಂದ ತೆಗೆದವು. ಹದಿಮೂರು ವರ್ಷಗಳ ಹಿಂದೆ ಯಾರ ಶಾಲೆಗಾಗಿ ಅಮಲನ ಕಥೆ ಅಲ್ಲಿ ನಡೆದಿತ್ತೋ ಅವನದೇ ಮಾತು. ಬಂಡಾಯದ ಬಾವುಟ ಹಿಡಿದವರು ಅದೇ ಪಡಖಾನೆಗೆ ಬಂದು ಕುಡಿಯುತ್ತಾರೆ.

ತಾಲೀಮಿನಲ್ಲೇ ಗೊಂದಲ ಎದ್ದಿತ್ತು. ನಟಿಯೊಬ್ಬಳು ತನ್ನ ಬಾಯಿಂದ ಒಂದು ಮಾತು ಬರಲಾರದೆಂದು ಪಾತ್ರ ಬದಲಿಸಿಕೊಂಡಳು. ಸರ್ಕಾರದ ಪ್ರತಿನಿಧಿ ಆಕ್ಷೇಪವೆತ್ತಿದ. ಅನುದಾನ, ಸ್ವಾತಂತ್ರ್ಯ ಎರಡರಲ್ಲಿ ಒಂದನ್ನು ಆರಿಸಬೇಕಾದರೆ ಸ್ವಾತಂತ್ರ್ಯವನ್ನೇ ಆರಿಸುತ್ತೇವೆ ಎಂದು ಲೇಡಿ ಗ್ರೆಗರಿ ಖಂಡಿತವಾಗಿ ಹೇಳಿದಳು. ಅನುದಾನ ಬಂದು ಹೆಚ್ಚು ಕಾಲವಾಗಿರಲಿಲ್ಲ. ರೋಸಿಯ ಒಂದು ಹಾಡು ಹೋಯಿತು, ರೋಸಿ ಉಳಿದಳು.

ಗುರುವಾರ ರಾತ್ರಿ ಸ್ಫೋಟವಾಯಿತು. ಎದ್ದು ಕೂಗಿದವರಲ್ಲಿ ಮುಂದಾಳಾಗಿದ್ದವಳು ಹ್ಯಾನಾ ಶೀಹಿ ಸ್ಕೆಫಿಂಗ್ಟನ್. ಶಾಂತಿವಾದಿಯಾಗಿದ್ದ ಆಕೆಯ ಗಂಡ 1916ರಲ್ಲಿ, ಬೀದಿಯಲ್ಲಿ ಲೂಟಿ ತಡೆಯಲು ಹೋಗಿ ಸೈನಿಕರ ಕೈಗೆ ಸಿಕ್ಕು, ವಿಚಾರಣೆಯಿಲ್ಲದೆ ಗುಂಡಿಗೆ ಬಲಿಯಾಗಿದ್ದ. ಅವಳ ಸುತ್ತ ಹುತಾತ್ಮರ ಕುಟುಂಬದ ಹೆಂಗಸರಿದ್ದರು. ಕೆಲವರು ರಂಗದ ಮೇಲೇರಿದರು. ನಟ ಬ್ಯಾರಿ ಫಿಟ್ಸ್‌ಜೆರಾಲ್ಡ್ ಒಬ್ಬನಿಗೆ ಗುದ್ದಿ ಕೆಳಗೆ ಕೆಡವಿದ. ಮುಂದೆ ಹಾಲಿವುಡ್ಡಿಗೆ ಹೋಗಿ ಆಸ್ಕರ್ ಗಳಿಸಿದ ಫಿಟ್ಸ್‌ಜೆರಾಲ್ಡ್ ಇವನೇ. ಯೇಟ್ಸ್ ರಂಗದ ಮೇಲೆ ಬಂದು, ಮತ್ತೊಮ್ಮೆ ನಿಮ್ಮ ಮಾನ ಕಳೆದುಕೊಂಡಿರಿ ಎಂದು ಸಭೆಯನ್ನು ಬೈದ. ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ. ಆದರೂ ಮರುದಿನದ ಪತ್ರಿಕೆಯಲ್ಲಿ ಭಾಷಣ ಬಂತು. ಕವಿ ಅದರ ಪ್ರತಿಯನ್ನು ಮೊದಲೇ ಪತ್ರಿಕಾ ಕಚೇರಿಗೆ ತಲುಪಿಸಿದ್ದ!

ಈ ಸಲದ ಜಗಳದಲ್ಲಿ ಯಾರ ಪರ ನಿಲ್ಲುವುದು? ಹ್ಯಾನಾಳ ವಾದ ಅಸಭ್ಯತೆಯದಾಗಿರಲಿಲ್ಲ. ಸತ್ತವರ ಮಣ್ಣು ಇನ್ನೂ ಆರಿಲ್ಲ, ಸರ್ಕಾರದ ಹಣ ಪಡೆಯುವ ರಂಗಮಂದಿರ ಅವರನ್ನು ಹೀಗಳೆಯಬಾರದು ಎಂಬುದಾಗಿತ್ತು. ಓಕೇಸಿಯೂ ಹೊರಗಿನವನಲ್ಲ. ಬಂಡಾಯದಲ್ಲಿ ಹೋರಾಡಿದ ನಾಗರಿಕ ಸೇನೆಗೆ 1914ರಲ್ಲಿ ಕಾರ್ಯದರ್ಶಿಯಾಗಿದ್ದವನು. ಅದರ ಬಾವುಟದ ನೇಗಿಲು, ನಕ್ಷತ್ರಗಳೇ ನಾಟಕದ ಹೆಸರು. ವಠಾರದ ಬಡವರಿಗೆ ಆ ರಕ್ತದಿಂದ ಏನು ಸಿಕ್ಕಿತು ಎಂದು ಅವನು ಕೇಳಿದ. ಅವನ ನಾಟಕದಲ್ಲಿ ಲೆಫ್ಟಿನೆಂಟ್ ಪಾತ್ರ ಮಾಡಿದ್ದವನು ಆರ್ಥರ್ ಶೀಲ್ಡ್ಸ್, 1916ರಲ್ಲಿ ನಿಜವಾದ ಬಂದೂಕು ಹಿಡಿದಿದ್ದವನು. ಬಂಡಾಯದ ವಿಧವೆ ಕೆಳಗೆ, ಬಂಡಾಯದ ಸೈನಿಕ ಮೇಲೆ. ಇಬ್ಬರಿಗೂ ಆ ನೆನಪಿನ ಮೇಲೆ ಹಕ್ಕಿತ್ತು. ಮುಂದಿನ ತಿಂಗಳು ಓಕೇಸಿ ಮತ್ತು ಹ್ಯಾನಾ ಒಂದೇ ವೇದಿಕೆಯಲ್ಲಿ ವಾದಿಸಿದರು. ಪೊಲೀಸರ ಲಾಠಿಗಿಂತ ಅದು ಎಷ್ಟೋ ಮೇಲು.

ಓಕೇಸಿ ಇಂಗ್ಲೆಂಡಿಗೆ ಹೋದ. 1928ರಲ್ಲಿ ಅವನ ‘ದ ಸಿಲ್ವರ್ ಟ್ಯಾಸಿ’ಯನ್ನು ಆ್ಯಬಿ ತಿರಸ್ಕರಿಸಿತು. ಜನರ ಎದುರು ಅವನಿಗಾಗಿ ನಿಂತ ಯೇಟ್ಸ್‌ನೇ ಹೀಗೆ ಮಾಡಿದ್ದು ಅವನನ್ನು ನೋಯಿಸಿತು. ಲೇಡಿ ಗ್ರೆಗರಿ 1932ರಲ್ಲಿ, ಯೇಟ್ಸ್ 1939ರಲ್ಲಿ ತೀರಿಕೊಂಡರು. 1941ರಿಂದ ಚುಕ್ಕಾಣಿ ಹಿಡಿದವನು ಅದೇ ಹಳೆಯ ಅರ್ಥಮಂತ್ರಿ ಬ್ಲೈದ್. ನಟರಿಗೆ ಐರಿಷ್ ಭಾಷೆ ಬರಲೇಬೇಕೆಂದ, ಲೆಕ್ಕಪತ್ರ ಸರಿದೂಗಿಸಿದ. ಅಡುಗೆಮನೆಯ ಹಾಸ್ಯನಾಟಕಗಳು ತಿಂಗಳುಗಟ್ಟಲೆ ನಡೆದವು. ಯಾರೂ ಗಲಾಟೆ ಮಾಡಲಿಲ್ಲ. ಯಾರಿಗೂ ಗಲಾಟೆ ಮಾಡುವಷ್ಟು ಆಸಕ್ತಿ ಹುಟ್ಟಲಿಲ್ಲವೆಂದರೂ ಸರಿಯೇ. ಟಾಮ್ ಮರ್ಫಿ ಎಂಬ ಹೊಸ ಲೇಖಕನ ‘ಎ ವಿಸ್ಲ್ ಇನ್ ದ ಡಾರ್ಕ್’ ಇಲ್ಲಿ ತಿರಸ್ಕೃತವಾಗಿ 1961ರಲ್ಲಿ ಲಂಡನ್ನಿನಲ್ಲಿ ಬೆಳಕು ಕಂಡಿತು.

1951ರ ಜುಲೈ 17ರ ರಾತ್ರಿ ‘ದ ಪ್ಲೌ ಅಂಡ್ ದ ಸ್ಟಾರ್ಸ್’ ಪ್ರದರ್ಶನವಿತ್ತು. ಉರಿಯುವ ಡಬ್ಲಿನ್ನಿನ ಹಿನ್ನೆಲೆಯಲ್ಲಿ ಸೈನಿಕರು ಒಲೆಯ ಬೆಂಕಿ ಆರದಿರಲೆಂದು ಹಾಡುವುದರೊಂದಿಗೆ ಆ ನಾಟಕ ಮುಗಿಯುತ್ತದೆ. ಪ್ರೇಕ್ಷಕರು ಮನೆ ಸೇರಿದ ಬಳಿಕ, ನಸುಕಿಗೆ ಮುನ್ನ, ನಿಜವಾದ ಬೆಂಕಿ ಬಿದ್ದು ರಂಗಮಂದಿರ ಸುಟ್ಟಿತು. ಮರುದಿನ ಸಂಜೆ ಪಕ್ಕದ ಪುಟ್ಟ ಪೀಕಾಕ್ ರಂಗದಲ್ಲಿ, ಎರವಲು ತಂದ ಉಡುಪಿನಲ್ಲಿ ಅದೇ ನಾಟಕ ನಡೆಯಿತು. ನಂತರ ಕ್ವೀನ್ಸ್ ಥಿಯೇಟರಿನಲ್ಲಿ ಹದಿನೈದು ವರ್ಷದ ಬಾಡಿಗೆ ಬದುಕು. ಮೈಕೆಲ್ ಸ್ಕಾಟ್ ರೂಪಿಸಿದ 628 ಆಸನಗಳ ಹೊಸ ಕಟ್ಟಡ ಹಳೆಯ ಜಾಗದಲ್ಲೇ ತೆರೆದದ್ದು 1966ರ ಜುಲೈ 18ರಂದು, ಬೆಂಕಿಯ ದಿನವೇ. ಅಲ್ಲಿ ಮರ್ಫಿ ಮರಳಿ ಬಂದ. ಬ್ರಯನ್ ಫ್ರೀಲ್‌ನ ‘ಡ್ಯಾನ್ಸಿಂಗ್ ಅಟ್ ಲೂನಸಾ’ 1990ರಲ್ಲಿ ಮೊದಲು ಕಂಡದ್ದು ಅಲ್ಲೇ. ಬಡ ಹಳ್ಳಿಯ ಐವರು ಅಕ್ಕತಂಗಿಯರು ರೇಡಿಯೊದ ಹಾಡಿಗೆ ಒಮ್ಮೆಲೇ ಹುಚ್ಚೆದ್ದು ಕುಣಿಯುವ ಆ ದೃಶ್ಯ ನ್ಯೂಯಾರ್ಕಿನವರೆಗೂ ಹೋಗಿ 1992ರಲ್ಲಿ ಟೋನಿ ಪ್ರಶಸ್ತಿ ತಂದಿತು.

ಹಳೆಯ ಜಗಳ ಮತ್ತೆ ಎದ್ದದ್ದು 2015ರಲ್ಲಿ. ಈಸ್ಟರ್ ಬಂಡಾಯದ ನೂರನೆಯ ವರ್ಷಕ್ಕೆ ಆ್ಯಬಿ ‘ನಾಡನ್ನು ಎಚ್ಚರಿಸುವ’ ಹೆಸರಿನಲ್ಲಿ ಕಾರ್ಯಕ್ರಮ ಪಟ್ಟಿ ಪ್ರಕಟಿಸಿತು. ಹತ್ತು ನಾಟಕಗಳಲ್ಲಿ ಹೆಂಗಸು ಬರೆದದ್ದು ಒಂದೇ ಒಂದು. ಲೇಡಿ ಗ್ರೆಗರಿ ಕಟ್ಟಿದ ಮನೆಯಲ್ಲಿ, ಹಾರ್ನಿಮನ್ ಹಣ ಸುರಿದ ಮನೆಯಲ್ಲಿ ಇದೇ ಲೆಕ್ಕವೇ ಎಂದು ರಂಗವಿನ್ಯಾಸಕಿ ಲಿಯನ್ ಬೆಲ್ ಮೊದಲಾದ ರಂಗಕರ್ಮಿಗಳು ಕೇಳಿದರು. ನವೆಂಬರ್ 12ರಂದು ಆ್ಯಬಿ ಅವರಿಗೆ ತನ್ನ ಸಭಾಂಗಣವನ್ನೇ ಬಿಟ್ಟುಕೊಟ್ಟಿತು. ಆಸನಗಳೆಲ್ಲ ತುಂಬಿದ್ದವು. ನಟಿಯರು, ನಿರ್ದೇಶಕಿಯರು, ನಾಟಕಕಾರ್ತಿಯರು ಒಬ್ಬರಾದ ಮೇಲೊಬ್ಬರು ರಂಗದ ಮೇಲೆ ಬಂದು, ತಮ್ಮ ಕೃತಿಗಳಿಗೆ ಅಲ್ಲಿ ಬಾಗಿಲು ಹೇಗೆ ಮುಚ್ಚಿತ್ತೆಂದು ಹೇಳಿಕೊಂಡರು. ಆ್ಯಬಿಯ ನಿರ್ದೇಶಕ ಫಿಯಾಕ್ ಮ್ಯಾಕ್ ಕಾನ್ಹೆಯ್ಲ್ ತಪ್ಪನ್ನು ಒಪ್ಪಿಕೊಂಡ. ಅವರು ನಿಂತು ಮಾತಾಡಿದ್ದು ಹಳೆಯ ಶವಾಗಾರವಿದ್ದ ಆ ಜಾಗದಲ್ಲೇ.